ನಕುಶಾ, ಅಂದ್ರ ಸಾಕವ್ವ

ಬಾಗಲದ ಮ್ಯಾಲೆ ಮರಾಠಿ ಬೋರ್ಡು:
ಗಂಡೋ ಹೆಣ್ಣೋ ಇಲ್ಲಿ ಹೇಳೂದಿಲ್ಲ.
ಅದರ ಕೆಳಗ ನನ್ನ ಟೇಬಲ್ಲು,
ದಾರ ಕಟ್ಟಿದ ಪೆನ್ನು, ಹಸರು ರಟ್ಟಿನ ರಜಿಸ್ಟರು.
ಜತ್ತಿನ ಸ್ಟ್ಯಾಂಡಿನ ಹಿಂದ, ಔಷಧ ಅಂಗಡಿ ಮ್ಯಾಲಿನ ಮಾಳಗಿ.
ಡಾಕ್ಟರಗ ಕನ್ನಡ ಬರೂದಿಲ್ಲ.
ಉಮದಿ, ಸಂಖದಿಂದ ಬಂದವರಿಗೆ ಮರಾಠಿ ಬರತೈತಿ,
ಬ್ಯಾನಿ ಹೇಳುವಾಗಷ್ಟ ಬರೂದಿಲ್ಲ.
ಅದಕ್ಕ ನಾನು.

ಮುಟ್ಟು ಯಾವಾಗ ನಿಂತಿತು, ಎಷ್ಟನೇದು,
ಇದ್ದ ಮಕ್ಕಳೊಳಗ ಗಂಡೆಷ್ಟು, ಹೆಣ್ಣೆಷ್ಟು,
ಸರಕಾರ ಕೇಳತೈತಿ, ನಾ ಬರೀತೀನಿ.
ಬರದ ಮ್ಯಾಲೆ ಅವರು ನನ್ನ ಕೇಳತಾರ,
ಸೆರಗು ಬಾಯಿಗಿ ಹಚ್ಚಿ:
"ಯವ್ವಾ, ಪೇಢೇನೋ ಬರ್ಫೀನೋ, ಅಷ್ಟ ಹೇಳು."
ಒಬ್ಬಾಕಿ ರೊಟ್ಟಿ ಗಂಟಿನಾಗ ಐನೂರರ ನೋಟು ಇಟ್ಟು ಕೊಟ್ಟಳು.
ರೊಟ್ಟಿ ಇಟಗೊಂಡೆ. ನೋಟು ತಿರಗಿ ಕೊಟ್ಟೆ.

ನನಗ ಈ ಪ್ರಶ್ನಿ ಹೊಸಾದಲ್ಲ.
ನಾಕನೇ ಹುಡುಗಿ ನಾನು. ನಮ್ಮಪ್ಪ
ತೊಟ್ಟಲದ ಕಡೆ ನೋಡಲಾರದ
ಸಾಕವ್ವ ಅಂತ ಇಡ್ರಿ ಅಂದನಂತ.
ಸಾಕೋ ದೇವರ, ಇನ್ನ ಹೆಣ್ಣ ಕಳಸಬ್ಯಾಡ.
ಸಾಲಿ ಮಾಸ್ತರ ಹೆಸರು ಕೇಳಿದ, ಅರ್ಥ ಕೇಳಿದ,
ದಾಖಲೆದಾಗ ಮರಾಠಿ ಮಾಡಿ ಬರದ: ನಕುಶಾ.
ಬ್ಯಾಡಾದಾಕಿ.

ಅವ್ವ ಒಬ್ಬಾಕಿನ, ತಲಿಗೆ ಎಣ್ಣಿ ಹಚ್ಚುವಾಗ:
"ಹುಚ್ಚಿ, ಸಾಕು ಅಂದ್ರ ಸಾಕೂದು.
ತಾಯಿ ಸತ್ತ ಮರಿ ಸಾಕತೀವಲ್ಲ, ಹಂಗ."
ಕನ್ನಡದಾಗ ಅದೊಂದು ಹಿತ್ತಲ ಬಾಗಲ ಇತ್ತು ನನಗ.
ಮರಾಠಿಗಿ ಹೋಗುವಾಗ ಮುಚ್ಚಿತು.

ಹತ್ತೊಂಬತ್ತು ವರ್ಷ,
ಕೇಳಿದವರಿಗೆಲ್ಲ ಬೋರ್ಡಿಗೆ ಬೆರಳು ತೋರಿಸೀನಿ.
ಅತ್ತಿಗೋಳಿಗೆ, ಗಂಡಂದಿರಿಗೆ, ಒಬ್ಬ ಸರಪಂಚಗ,
ನಮ್ಮ ಅಕ್ಕನ ಮಗಳಿಗೂ.
ಅಕ್ಕ ಇನ್ನೂ ಮಾತಾಡೂದಿಲ್ಲ.

ಮನ್ನಿ ಶೇವಂತಾ ಬಂದಳು, ಒಬ್ಬಾಕಿನ.
ಮೈಗಿ ಕುರಿ ವಾಸನಿ, ಕೈಯಾಗ ಪ್ಲಾಸ್ಟಿಕ್ ಚೀಲ,
ಚೀಲದಾಗ ಮಿರಜ ದವಾಖಾನಿ ಕಾಗದ.
ಎಷ್ಟನೇದು?
ಮೂರನೇದು.
ಗಂಡು?
ಎರಡು.
ಅದಾವ?
ಒಂದು.
ಹಿರ್ಯಾವ ಅಮಶಾ. ಹಾಲಹಲ್ಲು ಬಿದ್ದದ್ದ ನೆಪ,
ಮೂರು ದಿನ ರಕ್ತ ನಿಲ್ಲಲಿಲ್ಲ.
ಸಣ್ಣಾವ ಮಾಳು. ಮೊಣಕಾಲು ಬಾತಾವ,
ಕುರಿಮರಿ ಹಾಯ್ದರೂ ಮೈ ನೀಲಿಗಟ್ಟತೈತಿ.
"ರೋಗ ನನ್ನ ರಕ್ತದಾಗ ಐತಂತ,
ಬಡಿಯೂದು ಗಂಡಮಕ್ಕಳಿಗಂತ.
ಹೆಣ್ಣಿದ್ರ ಹೇಳಬೇ, ಉಳಸಕೋತೀನಿ.
ಗಂಡಿದ್ರ..."
ಹೊರಗ ಸಾಂಗಲಿ ಬಸ್ಸು ಹಾರನ್ ಹೊಡೀತು.

ಈ ಟೇಬಲ್ಲಿನ ಮುಂದ ಯಾರರ ಹೆಣ್ಣು ಬೇಡಿದ್ದು
ಅದ ಮೊದಲು.
ಎತ್ತಿದ ಬೆರಳು ಅಲ್ಲೇ ನಿಂತಿತು,
ಬೋರ್ಡಿಗೂ ಮುಟ್ಟಲಿಲ್ಲ, ಕೆಳಗೂ ಇಳೀಲಿಲ್ಲ.
ಬ್ಯಾಡಾದ ಗಂಡಿಗೂ ಮಾಸ್ತರ ಒಂದ ಹೆಸರು ಹುಡಕತಿದ್ದನೇನು?
ನಾಳೆ ಮಾಳು ದೊಡ್ಡಾವಾಗಿ,
ಮೊದಲ ಗೊತ್ತಿದ್ದರ ನನ್ನ ಇಟಗೋತಿದ್ದೇನವ್ವಾ ಅಂದ್ರ?
ಅದು ಮಾಳೂನ ಪ್ರಶ್ನಿ ಅಲ್ಲ, ನನ್ನದು.
ನಮ್ಮಪ್ಪಗ ಕೇಳಬೇಕಾಗಿತ್ತು, ಅಂವ ಸತ್ತ.
ಎದುರಿಗೆ ಕುಂತಾಕಿಗೆ ಹೆಂಗ ಕೇಳಲಿ,
ಒಂದು ಮಗನ ಬಾಯಿಗಿ ಅರಿವಿ ಹಿಡದು
ಮೂರು ದಿನ ಕುಂತಾಕಿಗೆ?

ಕಾಗದ ಡಾಕ್ಟರಗ ತೋರಿಸಿದೆ.
ಪುಣೇದಾಗ ದೊಡ್ಡ ಪರೀಕ್ಷಾ ಐತಿ,
ಗಂಡೋ ಹೆಣ್ಣೋ ಅಲ್ಲ, ರೋಗ ಐತೋ ಇಲ್ಲೋ ನೋಡತಾರ,
ಲಗೂನ ಹೋಗಬೇಕು ಅಂದರು.
ಒಂದೊಂದ ಮಾತು ಕನ್ನಡಕ್ಕ ಹೊತಗೊಂಡು ಬಂದೆ.
ಪುಣೆ ಅಂದಕೂಡ್ಲೆ ನಕ್ಕಳು ಶೇವಂತಾ,
"ಕುರಿ ಯಾರ ಕಾಯ್ತಾರ?"
ಆದರೂ ಚೀಟಿ ಮಡಚಿ ಕುಪ್ಪಸದಾಗ ಇಟಗೊಂಡಳು.

ಮೆಟ್ಟಲ ಇಳಿಯಾಕಿ ತಿರಗಿ ಕೇಳಿದಳು, "ನಿನ್ನ ಹೆಸರೇನಬೇ?"
ಸಾಕವ್ವ ಅಂದೆ.
"ಹೆಣ್ಣಾದ್ರ ಅದ ಇಡತೀನಿ."
ಯಾವ ಅರ್ಥಕ್ಕ ಅಂತ ಕೇಳೂದ್ರಾಗ
ಉಮದಿ ಬಸ್ಸಿಗೆ ಓಡಿದಳು.

ಗಂಡಾದ್ರ ಅಂತ
ನಾ ಕೇಳತಿರಲೂ ಇಲ್ಲ.